ಕೊಳ್ಳದ ಮನೆಗೆ ಔತಣ

ಸಾಪರನ ಮನೆಯಲ್ಲಿ ಜಗಳ ಶುರುವಾದದ್ದು ಮೊಣಕಾಲಿನಿಂದ. ಮೊಣಕಾಲು ಅವನ ತಾಯಿ ರಿಸ್‌ಬಾಲಾ ಅವರದು. ಅಲ್ಮಾಟಿಯ ಹಳೆಯ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಅವರ ಎರಡು ಕೋಣೆಯ ಮನೆ. ಲಿಫ್ಟ್ ಇಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಮುದುಕಿ ಸಂತೆಗೆ ಇಳಿದವರು ತಿರುಗಿ ಹತ್ತಲಾರದೆ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಲ್ಲೇ ಯಾರದೋ ಬಾಗಿಲು ತಟ್ಟಿ ಟೀ ತರಿಸಿಕೊಂಡು ಕುಡಿದು, ಕೊನೆಗೆ ಮೇಲೆ ಬಂದು ಅಪ್ಪಣೆ ಹೊರಡಿಸಿದರು.

"ಮೊದಲ ಹಿಮ ಬೀಳೋದ್ರೊಳಗೆ ನನ್ನ ಕಾಲು ನೆಲದ ಮೇಲೆ ಇರಬೇಕು. ಇಲ್ಲಾಂದ್ರೆ ನಾನು ಕರಗಂದಾಕ್ಕೆ ಹೋಗ್ತೀನಿ, ದೊಡ್ಡವನ ಮನೆಗೆ."

ಅವತ್ತೇ ಸಂಜೆ ಒಂದು ದೊಡ್ಡ ಚೌಕಳಿ ಚೀಲ ಉಬ್ಬಿಕೊಂಡು ಬಾಗಿಲ ಪಕ್ಕದಲ್ಲಿ ಬಂದು ಕೂತಿತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ನಮ್ಮಲ್ಲಿ ಹೆತ್ತವರು ಕಿರಿಯ ಮಗನ ಪಾಲು. ಸಾಪರ್ ಕಿರಿಯವನು. ತಾಯಿ ಅವನ ಮನೆ ಬಿಟ್ಟು ಹಿರಿಯನ ಮನೆಗೆ ಹೋದರೆ ಜನ ಆಡಿಕೊಳ್ಳಲು ಬೇರೆ ಏನೂ ಬೇಕಾಗಿಲ್ಲ. ಆದರೂ ಆ ಕಟ್ಟಡದ ಹೆಂಗಸರೆಲ್ಲ ಅವನ ಹೆಂಡತಿ ಕಾಮಿಲಾಳನ್ನು ಮೆಟ್ಟಿಲಲ್ಲಿ ತಡೆದು, ನಿನ್ನ ಅದೃಷ್ಟ ಕಣ್ಣು ಬಿಡ್ತು ಬಿಡು ಎಂದರಂತೆ. ಅತ್ತೆ ಸೊಸೆಯ ಜಗಳ ಐದೂ ಮಹಡಿಗೆ ಕೇಳಿಸುತ್ತಿತ್ತು.

ನಾನು ಉಲ್ಜಾನ್. ಈ ಕಥೆಯೊಳಗೆ ನಾನು ಬರುವುದು ಸ್ವಲ್ಪ ತಡವಾಗಿ, ಅದೂ ಬೇಲಿಯ ಆಚೆಯಿಂದ. ನಾನು ಕಣ್ಣಾರೆ ಕಾಣದ್ದನ್ನು ಆಮೇಲೆ ಕಾಮಿಲಾ ಹೇಳಿದಳು. ಅವಳು ಹೇಳದೆ ಬಿಟ್ಟದ್ದನ್ನು ಅವಳ ಅತ್ತೆ ಹೇಳಿದರು. ಇಬ್ಬರ ಸುಳ್ಳೂ ಒಂದಕ್ಕೊಂದು ವಜಾ ಆಗಿ ಉಳಿದದ್ದು ನಿಜ ಎಂದು ನನ್ನ ನಂಬಿಕೆ.

ಜಗಳವೆಂದರೆ ಎಂಥ ಜಗಳ? ನಮ್ಮಲ್ಲಿ ಬೇಕಾದವರಿಗೆ ಟೀ ಹೊಯ್ಯುವುದು ಬಟ್ಟಲಿನ ತಳ ಮುಚ್ಚುವಷ್ಟೇ. ಕುಡಿಯಲಿ, ಮತ್ತೆ ಕೇಳಲಿ, ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು. ತುಂಬ ಹೊಯ್ದು ಕೊಟ್ಟರೆ ಕುಡಿದು ಹೊರಡು ಎಂದು. ಕಾಮಿಲಾ ಶಿಶುವಿಹಾರದ ಅಡುಗೆಯವಳು. ಬೆಳಗಿನಿಂದ ಮಕ್ಕಳಿಗೆ ಗಂಜಿ ಬೇಯಿಸಿ ಸೋತು ಬಂದವಳು ಒಮ್ಮೊಮ್ಮೆ ಕೈ ತಪ್ಪಿ ಹೆಚ್ಚು ಹೊಯ್ಯುವಳು.

"ಇದೇನು, ಕರಗಂದಾ ಬಸ್ಸಿಗೆ ಹೊತ್ತಾಯ್ತಾ?" ಎಂದು ಅತ್ತೆ ಬಟ್ಟಲು ಎತ್ತಿ ತೋರಿಸುವರು.

"ಬಸ್ಸು ನಿಮ್ಮನ್ನ ಹತ್ತಿಸ್ಕೊಂಡ್ರೆ ತಾನೇ ಅಪಾ? ಡ್ರೈವರ್‌ಗೂ ಜೀವದ ಮೇಲೆ ಆಸೆ ಇರತ್ತೆ," ಎನ್ನುವಳು ಸೊಸೆ.

ಮಗ, ಸೊಸೆ, ಮೊಮ್ಮಗಳು ತೊಗ್ಜಾನ್, ಮೂವರೂ ಮುದುಕಿಯನ್ನು ಕರೆಯುವುದು ಅಪಾ ಎಂದೇ. ತೊಗ್ಜಾನ್‌ಗೆ ಹದಿನೈದು ವರ್ಷ, ಕೈಯಲ್ಲಿ ಸದಾ ಫೋನು. ಒಂದು ರಾತ್ರಿಯೂಟಕ್ಕೆ ಕೂತಾಗ ಅವಳು ಕೇಳಿದಳು: "ಅಪಾ ಹೋದ್ರೆ ಆ ಕೋಣೆ ನಂಗಾ?"

ಕಾಮಿಲಾ ಸೌಟಿನಿಂದ ಅವಳ ಕೈ ಮೇಲೆ ಒಂದು ಕೊಟ್ಟಳು.

ಸಾಪರ್ ಸಿಟಿ ಬಸ್ಸು ಓಡಿಸುವವನು. ಶಾಂತ ಸ್ವಭಾವ, ಆದರೆ ತಲೆಯಲ್ಲಿ ಒಂದು ಹೊಕ್ಕರೆ ಹೊರಗೆ ಬರುವುದಿಲ್ಲ. "ನಮ್ಮ ಡಿಪೋ ಹಿಂದೆ ಹದಿನಾಲ್ಕು ಮಹಡಿ ಕಟ್ಟಡ ಏಳ್ತಾ ಇದೆ. ಮುಂದಿನ ವರ್ಷ ಕೊಡ್ತಾರಂತೆ. ಲಿಫ್ಟ್ ಇದೆ ಅಪಾ, ಗುಂಡಿ ಒತ್ತಿದ್ರೆ ಆಯ್ತು."

"ಪೆಟ್ಟಿಗೇಲಿ ನಿಲ್ಲಿಸಿ ಸಾಗಿಸೋಕೆ ನಾನೇನು ಟೊಮೇಟೊನಾ? ನನಗೆ ನೆಲ ಬೇಕು. ಬಾಗಿಲು ತೆಗೆದ್ರೆ ಮಣ್ಣು ಕಾಣಬೇಕು."

"ಶಿಶುವಿಹಾರದಲ್ಲಿ ಮೊದಲು ಲೆಕ್ಕ ಬರೀತಿದ್ದ ಲಿಡಿಯಾ ಪಾಕ್ ಅಂತ ಇದ್ದಾರೆ," ಎಂದಳು ಕಾಮಿಲಾ ಬಟ್ಟಲು ತೊಳೆಯುತ್ತ. "ಊರಾಚೆ, ತಾಲ್ಗಾರ್ ಕಡೆ, ಕೊನೇ ಬಸ್‌ಸ್ಟಾಪ್ ಹತ್ರ ಅವರದೊಂದು ಹಳೇ ಮನೆ ಇದೆ. ಮಾರ್ತಾರಂತೆ."

"ಯಾಕೆ ಮಾರ್ತಾರೆ? ಏನೋ ಹುಳುಕಿರತ್ತೆ," ಎಂದ ಸಾಪರ್.

"ಮದುವೆ ಆಗ್ತಿದ್ದಾರೆ."

"ವಯಸ್ಸೆಷ್ಟು?"

"ಅರವತ್ತಾರು."

ರಿಸ್‌ಬಾಲಾ ಬಟ್ಟಲು ಕೆಳಗಿಟ್ಟರು. "ಅಂಥ ಮನೆ ನೋಡಲೇಬೇಕು," ಎಂದರು.

ಭಾನುವಾರ ನಾಲ್ವರೂ ಬಂದು ನೋಡಿದರು. ಆ ದಿನ ನಾನು ತಂಗಿಯ ಮನೆಗೆ ಹೋಗಿದ್ದೆ. ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಲಿಡಿಯಾ ಕೊರಿಯನ್ ಹೆಂಗಸು, ತಾಲ್ಗಾರಿನ ಒಬ್ಬ ಜೇನು ಸಾಕುವ ವಿಧುರನ ಜೊತೆ ಮದುವೆ ನಿಶ್ಚಯವಾಗಿ ಸಾಮಾನೆಲ್ಲ ಆಗಲೇ ಅಲ್ಲಿಗೆ ಸಾಗಿಸಿದ್ದಳು. ಮನೆ ದೊಡ್ಡದೇನಲ್ಲ. ಒಂದು ಸಣ್ಣ ಅಡುಗೆಮನೆ, ಎರಡು ಕೋಣೆ, ಎರಡಕ್ಕೂ ಬಿಸಿ ಹೋಗುವ ಹಾಗೆ ನಡುವೆ ಒಂದು ಒಲೆ, ನೀಲಿ ಬಣ್ಣದ ಕಿಟಕಿ, ಕಲ್ನಾರು ಶೀಟಿನ ಚಾವಣಿ. ಅಂಗಳದಲ್ಲಿ ಬೇಸಿಗೆ ಅಡುಗೆಮನೆ, ಒಂದು ಸೇಬಿನ ಮರ.

ಸಾಪರ್ ಗೋಡೆಗೆ ಗೆಣ್ಣಿನಿಂದ ಕುಟ್ಟಿದ. "ಮಣ್ಣು," ಎಂದ, ತಾನೇ ಕಂಡುಹಿಡಿದವನಂತೆ.

"ನೀನೂ ಮಣ್ಣೇ. ಇನ್ನೂ ನಿಂತಿಲ್ವಾ?" ಎಂದರು ತಾಯಿ.

ಪಾಯಿಖಾನೆ ಸೇಬಿನ ಮರದ ಆಚೆಗಿದೆ ಎಂದು ತಿಳಿದಾಗ ತೊಗ್ಜಾನ್ ಮುಖ ಸಣ್ಣದಾಯಿತು. ಫೋನಿಗೆ ಸಿಗ್ನಲ್ ಸಿಗುವುದು ಅಂಗಳದಲ್ಲಿದ್ದ ನೆಲಮಾಳಿಗೆಯ ಮುಚ್ಚಳದ ಮೇಲೆ ನಿಂತಾಗ ಮಾತ್ರ ಎಂದು ಗೊತ್ತಾದ ಮೇಲೆ ಅವಳು ಅಲ್ಲಿಂದ ಕದಲಲಿಲ್ಲ. ಅವಳನ್ನು ಎಬ್ಬಿಸಿ ಕಾಮಿಲಾ ಕೆಳಗೆ ಇಳಿದು ನೋಡಿದಳು. ಉಪ್ಪಿನಕಾಯಿ ಜಾಡಿಗಳೆಲ್ಲ ಮೇಲಿನ ಹಲಗೆಯಲ್ಲೇ ಇದ್ದವು. ಕೆಳಗಿನ ಎರಡು ಹಲಗೆ ಖಾಲಿ.

"ಎಲ್ಲ ಮೇಲೇ ಇಟ್ಟಿದ್ದೀರಲ್ಲ ಲಿಡಿಯಾ?" ಎಂದು ರಿಸ್‌ಬಾಲಾ ಮೇಲಿನಿಂದಲೇ ಕೇಳಿದರು.

"ಸೊಂಟ ನೋವಮ್ಮ, ಬಗ್ಗೋಕಾಗಲ್ಲ," ಎಂದಳು ಲಿಡಿಯಾ.

ಕಾಮಿಲಾ ಮನೆಯೊಳಗಿನ ಅಡುಗೆಮನೆಗೆ ಹೋಗಿ ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಸೇಬಿನ ಒಂದು ಕೊಂಬೆ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅವಳನ್ನು ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ನೋಡಿದ್ದಾಯ್ತು," ಎಂದ ಸಾಪರ್ ವಾಪಸು ಬರುವಾಗ. "ಮಣ್ಣಿನ ಗೋಡೆ, ಹಳೇ ಚಾವಣಿ, ಹೊರಗೆ ಪಾಯಿಖಾನೆ. ಲಿಡಿಯಾ ಅಕ್ಕಂಗೆ ಬೇಡ ಅಂತ ಹೇಳಿಬಿಡೋಣ."

"ಏನು ನೋಡಿದ್ದು? ಒಲೆ ಹಚ್ಚಲೇ ಇಲ್ಲ. ಒಲೆ ಹಚ್ಚದೆ ಮನೆ ನೋಡೋದು ಹಲ್ಲು ನೋಡದೆ ಕುದುರೆ ನೋಡಿದ ಹಾಗೆ," ಎಂದರು ರಿಸ್‌ಬಾಲಾ.

ಆ ಶುಕ್ರವಾರ ಸಾಪರ್ ಡ್ಯೂಟಿಗೆ ಹೋದ ಮೇಲೆ ಮೂವರು ಹೆಂಗಸರು ಲಿಡಿಯಾಳಿಂದ ಬೀಗದ ಕೈ ಪಡೆದು ಬಂದರು. ಜೊತೆಗೆ ಕೆಟಲು, ಹಿಟ್ಟು, ಎಣ್ಣೆ, ಬಾಣಲೆ. ಮೊದಲು ಒಲೆ ಹೊಗೆಯನ್ನೆಲ್ಲ ಕೋಣೆಯೊಳಗೇ ಉಗುಳಿತು. ಮುದುಕಿ ಕೆಮ್ಮುತ್ತಲೇ ಕೊಳವೆಯ ತಿರುವಿಗೆ ಕೈ ತೋರಿಸಿದರು, ಕಾಮಿಲಾ ಸ್ಟೂಲಿನ ಮೇಲೆ ಹತ್ತಿ ಕೋಲು ಆಡಿಸಿದಳು. ಹಕ್ಕಿಯ ಗೂಡೊಂದು ಮಸಿಯ ಸಮೇತ ಅವಳ ತಲೆಯ ಮೇಲೆ ಬಿತ್ತು. ಆಮೇಲೆ ಒಲೆ ಹೊಗೆಯನ್ನು ಮೇಲಕ್ಕೆ ಎಳೆಯಿತು ನೋಡಿ, ಬೆಂಕಿ ಗುರ್ ಎಂದಿತು, ಗೋಡೆ ಬೆಚ್ಚಗಾಯಿತು.

ಶುಕ್ರವಾರ ಒಲೆ ಹಚ್ಚಿ ಬರೀ ಟೀ ಕಾಯಿಸಿ ಎದ್ದು ಹೋಗುವುದುಂಟೇ? ತೀರಿಕೊಂಡವರ ಹೆಸರಿನಲ್ಲಿ ಎಣ್ಣೆಯ ಘಮ ಏಳಬೇಕು. ರಿಸ್‌ಬಾಲಾ ಪ್ರತಿ ಶುಕ್ರವಾರದ ಹಾಗೆ ಹಿಟ್ಟು ನಾದಿ ಏಳು ಶೆಲ್ಪೆಕ್ ಕರಿದರು. ಶೆಲ್ಪೆಕ್ ಎಂದರೆ ತೆಳ್ಳಗೆ ಲಟ್ಟಿಸಿ ಕರಿದ ರೊಟ್ಟಿ. ಅದನ್ನು ಮನೆಯವರೇ ತಿಂದು ಮುಗಿಸುವ ಹಾಗಿಲ್ಲ, ನೆರೆಯವರಿಗೆ ಹಂಚಬೇಕು. ತೊಗ್ಜಾನ್ ಗೊಣಗಿಕೊಂಡೇ ಓಣಿಯ ಮನೆ ಮನೆಗೆ ಹೋಗಿ ಹಂಚಿದಳು.

ಈಗ ನೀವೇ ಹೇಳಿ. ಬೇಲಿಯಾಚೆ ಚಿಮಣಿಯಲ್ಲಿ ಹೊಗೆ. ಮೂಗಿಗೆ ಎಣ್ಣೆಯ ಘಮ. ಗೇಟಿನಲ್ಲಿ ಒಂದು ಹುಡುಗಿ ಬಿಸಿ ಶೆಲ್ಪೆಕ್ ಹಿಡಿದು, "ಆ ಮನೆಯಿಂದ, ಅಪಾ ಕೊಟ್ಟಿದ್ದಾರೆ," ಎನ್ನುತ್ತಾಳೆ. ಯಾರಿಗಾದರೂ ಏನನ್ನಿಸಬೇಕು? ಹೊಸಬರು ಒಕ್ಕಲು ಬಂದರು ಎಂದೇ ಅನ್ನಿಸಬೇಕು. ನಾನು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟೆ.

ಗೇಟಿನಲ್ಲಿ ಕಾಮಿಲಾ ನಿಂತಿದ್ದಳು, ಮುಖವೆಲ್ಲ ಮಸಿ.

"ಯಾವಾಗ ಬಂದ್ರಮ್ಮ?" ಎಂದೆ.

"ಬೆಳಿಗ್ಗೆ ಬಂದ್ವಿ ಅಕ್ಕ."

"ಸಾಮಾನು ನಿಧಾನಕ್ಕೆ ತರ್ತೀರೇನೋ."

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಳಗೆ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿದಳು.

"ನಾಡಿದ್ದು ನಮ್ಮನೇಲಿ ನಿಮಗೆ ಎರುಲಿಕ್. ಒಬ್ಬರೂ ತಪ್ಪಿಸಬಾರದು," ಎಂದೆ.

ಎರುಲಿಕ್ ಎಂದರೆ ಹೊಸದಾಗಿ ಬಂದ ಒಕ್ಕಲಿಗೆ ಹಳಬರು ಹಾಕುವ ಊಟ. ಹುಲ್ಲುಗಾವಲಿನಲ್ಲಿ ಗುಡಾರ ಕಿತ್ತು ಹೂಡುತ್ತಿದ್ದ ಕಾಲದಿಂದ ಬಂದದ್ದು. ಅದನ್ನು ಬೇಡವೆಂದರೆ ಇಡೀ ಓಣಿಯ ಮುಖಕ್ಕೆ ಉಗಿದ ಹಾಗೆ.

"ಬರ್ತೀವಿ ಅಕ್ಕ," ಎಂದಳು ಕಾಮಿಲಾ.

ಅವತ್ತು ಐದನೆಯ ಮಹಡಿಯಲ್ಲಿ ಎದ್ದ ಗದ್ದಲವನ್ನು ಅವಳು ನನಗೆ ಎರಡೆರಡು ಸಲ ಹೇಳಿದ್ದಾಳೆ, ಪ್ರತಿ ಸಲವೂ ನಕ್ಕು.

"ನಾವು ಆ ಮನೆ ಕೊಂಡಿಲ್ಲ," ಎಂದ ಸಾಪರ್.

"ಗೊತ್ತು."

"ಮತ್ತೆ ಊಟಕ್ಕೆ ಹೇಗೆ ಒಪ್ಕೊಂಡೆ?"

"ಕರೆದ್ರು, ಒಪ್ಕೊಂಡೆ. ಎರುಲಿಕ್ ಬೇಡ ಅಂತ ಹೇಗೆ ಹೇಳೋದು? ಅಷ್ಟು ಸುಲಭ ಆದ್ರೆ ನೀವೇ ಹೋಗಿ ಹೇಳಿ."

"ಹೇಳ್ತೀನಿ. ಬಾಗಿಲಲ್ಲೇ ನಿಂತು ಹೇಳ್ತೀನಿ. ಒಳಗೂ ಹೋಗಲ್ಲ."

"ಹಾಗೇ ಮಾಡಪ್ಪ," ಎಂದು ರಿಸ್‌ಬಾಲಾ ಮೊಣಕಾಲು ಒತ್ತಿಕೊಂಡರು. "ಹೋಗುವಾಗ ಒಳ್ಳೇ ಅಂಗಿ ಹಾಕ್ಕೋ."

ಭಾನುವಾರ ಸಾಪರ್ ನಮ್ಮ ಬಾಗಿಲಲ್ಲಿ ನಿಂತು ಬಾಯಿ ತೆರೆದದ್ದು ನಿಜ. ಆದರೆ ನನ್ನ ಗಂಡ ಎರ್ಗಾಲಿ ಅಷ್ಟರಲ್ಲಿ ಅವನನ್ನು ಅಪ್ಪಿಕೊಂಡಾಗಿತ್ತು. ಎರ್ಗಾಲಿಯ ಅಪ್ಪುಗೆಯಲ್ಲಿ ಉಸಿರೇ ಹೊರಡುವುದಿಲ್ಲ, ಇನ್ನು ಮಾತೆಲ್ಲಿ? ನಾವು ಕುರಿ ಕಡಿದಿದ್ದೆವು. ಸಾಪರನನ್ನು ಅತಿಥಿಗೆ ಸಲ್ಲುವ ಮೇಲಿನ ಜಾಗದಲ್ಲಿ ಕೂರಿಸಿ ಬೆಂದ ಕುರಿಯ ತಲೆಯನ್ನು ಅವನ ಮುಂದೆ ಇಟ್ಟೆವು. ಸಾಪರ್ ಕುರಿಯನ್ನು ನೋಡಿದ, ಕುರಿ ಸಾಪರನನ್ನು ನೋಡಿತು. ನಿನಗಾಗಿ ಪ್ರಾಣ ಬಿಟ್ಟ ಕುರಿಯ ಎದುರು ಕೂತು, ನಾವು ಮನೆ ಕೊಂಡಿಲ್ಲ ಎನ್ನಲು ಕಲ್ಲೆದೆ ಬೇಕು. ಅವನು ಸುಮ್ಮನೆ ಚಾಕು ತೆಗೆದುಕೊಂಡು, ಹಿರಿಯರ ಮಾತು ಕೇಳಲಿ ಎಂದು ಕುರಿಯ ಕಿವಿ ಕೊಯ್ದು ಮಗಳ ಕೈಗಿಟ್ಟ.

ನಮ್ಮ ಓಣಿಗೆ ಹಿರಿಯರೆಂದರೆ ಹಮಿತ್ ಅತಾ, ಎಂದರೆ ಹಮಿತ್ ಅಜ್ಜ. ಅವರು ಎರಡೂ ಅಂಗೈ ಚಾಚಿ ಹರಸಿದರು: "ಹಚ್ಚಿದ ಒಲೆ ಆರದಿರಲಿ. ಹೊಸಿಲು ಬಂದವರ ಕಾಲಿಂದ ಸವೀಲಿ." ಎಲ್ಲರೂ ಮುಖ ಸವರಿಕೊಂಡೆವು. ಸಾಪರನೂ ಸವರಿಕೊಂಡ, ಹಣೆಯ ಬೆವರಿನ ಸಮೇತ.

ಮಾಂಸವೂ ಅದರ ಕೆಳಗಿನ ಅಗಲವಾದ ಹಿಟ್ಟಿನ ಹಾಳೆಗಳೂ ಮುಗಿದು, ಬಟ್ಟಲಲ್ಲಿ ಸಾರು ಬಂದ ಮೇಲೆ ಎರ್ಗಾಲಿ ಮೀಸೆ ಒರೆಸಿಕೊಂಡ. "ಇನ್ನು ಹೇಳಬಹುದು ಬಿಡಿ, ಕೊಂಡಾಯ್ತಲ್ಲ. ಲಿಡಿಯಾ ಮಾರೋವರೆಗೂ ನಾವು ತುಟಿ ಹೊಲ್ಕೊಂಡಿದ್ವಿ. ಅವಳ ವ್ಯಾಪಾರಕ್ಕೆ ಯಾಕೆ ಕಲ್ಲು ಹಾಕೋದು ಅಂತ."

"ಏನು ಹೇಳೋದು?" ಎಂದ ಸಾಪರ್.

"ಬೆಟ್ಟದ ಹಿಮ ಕರಗಿದಾಗ ಮೇಲಿನ ಕಾಲುವೆ ಉಕ್ಕತ್ತೆ. ನೀರೆಲ್ಲ ನಿಮ್ಮ ನೆಲಮಾಳಿಗೆಗೆ. ಮೊಣಕಾಲವರೆಗೂ ನಿಲ್ಲತ್ತೆ."

ಅತ್ತೆಯೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನ ಹಲಗೆಯ ಜಾಡಿಗಳು ಇಬ್ಬರಿಗೂ ಒಟ್ಟಿಗೇ ನೆನಪಾಗಿದ್ದವು. ಸಾಪರನ ಮುಖ ಮಾತ್ರ ಅರಳಿತು. ಮನೆ ಬೇಡವೆನ್ನಲು ಅವನಿಗೆ ಬೇಕಾಗಿದ್ದ ಕಾರಣ ತಟ್ಟೆಯಲ್ಲೇ ಬಂದಿತ್ತು.

"ಇನ್ನೇನೇನಿದೆ?" ಎಂದು ಮುಂದಕ್ಕೆ ಸರಿದು ಕೂತ.

ಕೇಳುವವರಿದ್ದರೆ ಹೇಳುವವರಿಗೇನು ಬರ? ಮೂಲೆಯ ಶೀಟು ಗಾಳಿಗೆ ಏಳುತ್ತದೆ ಎಂದು ಒಬ್ಬರು, ಕರೆಂಟಿನ ವೈರು ತನ್ನ ಮದುವೆಗಿಂತ ಹಳೆಯದು ಎಂದು ಇನ್ನೊಬ್ಬರು, ಮಲಗುವ ಕೋಣೆಯ ಹಲಗೆಯ ಕೆಳಗಿನ ತೊಲೆಗೆ ಗೆದ್ದಲು ಎಂದು ನಾನೂ ಒಂದು ಸೇರಿಸಿದೆ. ಒಂದೊಂದಕ್ಕೂ ಸಾಪರ್ ಸಂತೋಷದಿಂದ ತಲೆದೂಗಿದ.

"ಗಂಡಸು ಅಂದ್ರೆ ಇವನು," ಎಂದರು ಹಮಿತ್ ಅತಾ. "ಕೊಂಡ ಮನೆ ಹುಳುಕನ್ನ ಇಷ್ಟು ನಗುನಗ್ತಾ ಕೇಳೋನನ್ನ ನಾನು ಕಂಡಿಲ್ಲ. ಅಂಥೋನಿಗೆ ನಾವು ಕೈ ಹಚ್ಚದಿದ್ರೆ ಹೇಗೆ? ಬೇಲಿ ಉದ್ದಕ್ಕೂ ಒಂದು ಕಾಲುವೆ ತೋಡಿದ್ರೆ ನೀರೆಲ್ಲ ಕೆಳಗಿನ ಹಳ್ಳಕ್ಕೆ ಹೋಗತ್ತೆ. ಲಿಡಿಯಾಗೆ ಎಷ್ಟು ಹೇಳಿದ್ರೂ ನಿಮಗ್ಯಾಕೆ ತೊಂದ್ರೆ ಅಂತಿದ್ಲು. ಶನಿವಾರ ಎಲ್ಲರೂ ಗುದ್ದಲಿ ತನ್ನಿ."

ಸಾಪರನ ನಗು ಸಾರಿನ ಬಟ್ಟಲೊಳಗೆ ಬಿತ್ತು.

ಆ ವಾರದ ನಡುವೆ ಹಮಿತ್ ಅತಾ ಮನೆಯ ಎರುಲಿಕ್ ಆಯಿತು. ಸಾಪರ್ ಅಲ್ಲಿಗೂ ಸತ್ಯ ಹೇಳಲೆಂದೇ ಹೋದ. ಅವರ ಹೆಂಡತಿ ಉಯ್ಗುರ್ ಹೆಂಗಸು. ಕೈಯಲ್ಲೇ ಹಿಟ್ಟೆಳೆದು ದಾರ ಮಾಡಿ, ಮೆಣಸಿನಕಾಯಿ ಹಾಕಿ ಮಾಡುವ ಲಗ್ಮಾನ್ ಬಾಯೊಳಗಿದ್ದರೆ ಯಾವ ಸತ್ಯವೂ ಹೊರಗೆ ಬರುವುದಿಲ್ಲ. ಅವನು ಎರಡು ತಟ್ಟೆ ತಿಂದು, ಕಣ್ಣು ಮೂಗು ಒರೆಸಿಕೊಂಡು ವಾಪಸಾದ.

ಶುಕ್ರವಾರ ಸಂಜೆ ಟೀ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ನಾಳೆ ಹೇಳಿಬಿಡ್ತೀನಿ. ನೀರು ತುಂಬೋ ಮನೆ ಯಾರಿಗೆ ಬೇಕು?"

"ನೀರು ತುಂಬತ್ತೆ ಅಂತ ಹೇಳಿದೋರೇ ಗುದ್ದಲಿ ತರ್ತೀವಿ ಅಂದ್ರಲ್ಲ," ಎಂದರು ರಿಸ್‌ಬಾಲಾ. "ಹದಿನಾಲ್ಕು ಮಹಡೀಲಿ ನಿನ್ನ ಸೂರು ಸೋರಿದ್ರೆ ಯಾರು ಬರ್ತಾರೆ?"

"ಅಪಾ, ಹಟ ಬೇಡ. ಈ ಒಂದು ಚಳಿಗಾಲ ಕರಗಂದಾದಲ್ಲಿ ಇರಿ. ಲಿಫ್ಟಿನ ಮನೆ ಆದ ಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ. ಕಾಮಿಲಾನೂ ಸ್ವಲ್ಪ ಉಸಿರಾಡ್ಲಿ."

ಟೀ ಹೊಯ್ಯುತ್ತಿದ್ದ ಕಾಮಿಲಾ ಕೆಟಲನ್ನು ಕೆಳಗೆ ಕುಕ್ಕಿದಳು. "ನನಗೆ ಉಸಿರು ಕಟ್ಟಿದೆ ಅಂತ ನಿಮಗೆ ಯಾರು ಹೇಳಿದ್ರು?"

"ದಿನಾ ಜಗಳ ಆಡ್ತೀರಲ್ಲ ಇಬ್ಬರೂ."

"ಆಡ್ತೀವಿ. ಅವರು ಹೋದ್ರೆ ಯಾರ ಹತ್ರ ಆಡ್ಲಿ? ನಿಮ್ಮ ಹತ್ರನಾ? ನೀವು ಬರ್ತೀರ, ತಿಂತೀರ, ಮಲಗ್ತೀರ. ಇವಳು ಫೋನಿಂದ ತಲೆ ಎತ್ತಲ್ಲ. ಈ ಮನೇಲಿ ನನಗೆ ಎದುರುತ್ತರ ಕೊಡೋರು ಅವರೊಬ್ಬರೇ. ಎಲ್ಲರೂ ಮನೆ ಹೇಗಿದೆ ಅಂತ ಗೋಡೆ ಕುಟ್ಟಿ ನೋಡಿದ್ರಿ, ನನ್ನನ್ನ ಯಾರಾದ್ರೂ ಕೇಳಿದ್ರಾ? ಉಲ್ಜಾನ್ ಅಕ್ಕ ಕರೆದಾಗ ನಾನು ನಿಜ ಹೇಳಬಹುದಿತ್ತು. ಬೇಕಂತಲೇ ಹೇಳಲಿಲ್ಲ. ನನಗೆ ಆ ಅಡುಗೆಮನೆ ಬೇಕು. ಅದರೊಳಗೆ ತಪ್ಪು ಹಿಡಿಯೋಕೆ ಅಪಾನೂ ಬೇಕು."

ತೊಗ್ಜಾನ್ ಫೋನು ಕೆಳಗಿಟ್ಟಿದ್ದಳು. ರಿಸ್‌ಬಾಲಾ ಬಟ್ಟಲನ್ನು ಎರಡು ಸಲ ತಿರುಗಿಸಿ, "ಟೀ ಆರಿಹೋಯ್ತು. ಬೇರೆ ಹೊಯ್ಯಿ," ಎಂದರು. ಅವರ ದನಿ ಸ್ವಲ್ಪ ಒರಟಾಗಿತ್ತಂತೆ. ಶೀತವಾಗಿತ್ತು ಎಂದು ಅವರು ಈಗಲೂ ವಾದಿಸುತ್ತಾರೆ.

ಮರುದಿನ ನಾಲ್ವರೂ ಬಂದರು. ಸಾಪರ್ ಹೇಳಲು ಬಂದಾಗ ಓಣಿಯ ಗಂಡಸರೆಲ್ಲ ಆಗಲೇ ಬೇಲಿಯುದ್ದಕ್ಕೂ ಸಾಲುಹಿಡಿದು ತೋಡುತ್ತಿದ್ದರು. ಬರಿಗೈಯಲ್ಲಿ ನಿಂತವನ ಕೈಗೆ ಯಾರೋ ಗುದ್ದಲಿ ಕೊಟ್ಟರು. ಹತ್ತು ಜನ ತನ್ನ ಹೆಸರಲ್ಲಿ ಬೆವರು ಸುರಿಸುವಾಗ ಗುದ್ದಲಿ ಹಿಡಿದು ಭಾಷಣ ಮಾಡಲಾಗುತ್ತದೆಯೇ? ಅವನೂ ಇಳಿದ.

ಬಸ್ಸಿನ ಸೀಟಿನಲ್ಲಿ ಕೂತು ಕೂತು ಬೆನ್ನು ಹಿಡಿದುಹೋಗಿದ್ದವನಿಗೆ ಮಣ್ಣು ರುಚಿ ಹತ್ತಿತು. ಮೊದಲು ಸುಮ್ಮನೆ ತೋಡಿದ. ಆಮೇಲೆ ಅಂಗಿ ಬಿಚ್ಚಿ ತೋಡಿದ. ಆಮೇಲೆ ನನ್ನ ಗಂಡನ ಜೊತೆ ವಾದಕ್ಕೇ ಇಳಿದ.

"ಇಳಿಜಾರು ಸಾಲದು ಎರ್ಗಾಲಿ. ಹೀಗೆ ಬಿಟ್ರೆ ನೀರು ನಮ್ಮ ಗೋಡೆ ಕಡೆಗೇ ತಿರುಗತ್ತೆ."

ನಾನೂ ಕಾಮಿಲಾಳೂ ಬೇಸಿಗೆ ಅಡುಗೆಮನೆಯಲ್ಲಿ ದೊಡ್ಡ ಕಡಾಯಿಗೆ ಕ್ಯಾರೆಟ್ ಹೆಚ್ಚಿ ಹಾಕುತ್ತಿದ್ದೆವು, ಪಲಾವಿಗೆ. "ನಮ್ಮ ಗೋಡೆ" ಎಂದದ್ದು ಕೇಳಿ ಅವಳ ಚಾಕು ನಿಂತಿತು. ಯಾಕೆಂದು ನನಗೆ ಆಗ ಗೊತ್ತಾಗಲಿಲ್ಲ.

ಅನ್ನಕ್ಕೆ ಮುಚ್ಚಳ ಹಾಕುವ ಹೊತ್ತಿಗೆ ಗೇಟಿನ ಮುಂದೆ ಒಂದು ಕಾರು ನಿಂತಿತು. ಲಿಡಿಯಾ ಇಳಿದಳು, ಜೊತೆಗೆ ಚರ್ಮದ ಕೋಟಿನ ಒಬ್ಬ ಗಂಡಸು. ಅವಳು ಅಂಗಳವನ್ನೂ ಗುದ್ದಲಿಗಳನ್ನೂ ಹೊಗೆಯಾಡುವ ಕಡಾಯಿಯನ್ನೂ ನೋಡಿದಳು.

"ಇದೇನು ನಡೀತಿದೆ ನನ್ನ ಮನೇಲಿ?"

"ನಿನ್ನ ಮನೆ ಹೇಗಾಗತ್ತೆ? ಮಾರಿದ್ದೀಯಲ್ಲ," ಎಂದರು ಹಮಿತ್ ಅತಾ.

"ಯಾರಿಗೆ? ಇವರು ನೋಡ್ಕೊಂಡು ಹೋದೋರು ಹೂಂ ಅಂತಾನೂ ಹೇಳಿಲ್ಲ, ಊಹೂಂ ಅಂತಾನೂ ಹೇಳಿಲ್ಲ. ಕಾದು ಕಾದು ಸಾಕಾಗಿ ಇವರನ್ನ ಕರ್ಕೊಂಡು ಬಂದೆ."

ಎಲ್ಲ ಗುದ್ದಲಿಗಳೂ ನಿಂತವು. ಇಡೀ ಓಣಿ ಸಾಪರನ ಕಡೆ ತಿರುಗಿತು. ಅವನು ಸೊಂಟದವರೆಗೆ ಕಾಲುವೆಯೊಳಗೆ ನಿಂತಿದ್ದ. ಮುಖದಲ್ಲಿ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕೆಸರು. ನನಗೆ ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಕಾಮಿಲಾಳ ಮುಖ ನೋಡಿದೆ. ಅವಳು ಕಡಾಯಿಯ ಮುಚ್ಚಳ ಹಿಡಿದುಕೊಂಡೇ ಬಿಳಿಚಿಹೋಗಿದ್ದಳು. ಸಿಟ್ಟು ಅಲ್ಲೇ ಇಳಿಯಿತು.

ಕೋಟಿನವನು ಕಾಲುವೆಯ ಅಂಚಿಗೆ ಬಂದು ಬಗ್ಗಿ ನೋಡಿದ. "ನಿಮ್ಮ ನಿಮ್ಮಲ್ಲಿ ಏನಾದ್ರೂ ಇರಲಿ. ಮನೆ ಹೇಗೂ ಕೆಡವೋದೇ, ಇಲ್ಲಿ ಕಾರು ತೊಳೆಯೋ ಜಾಗ ಮಾಡ್ತೀನಿ. ಕಾಲುವೆ ಚೆನ್ನಾಗಿ ತೋಡಿದ್ದೀರ. ಕೊಳೆ ನೀರು ಹೋಗೋಕೆ ಅನುಕೂಲ ಆಯ್ತು."

"ಏನಂದೆ?" ಎಂದ ಸಾಪರ್.

"ಅನುಕೂಲ ಆಯ್ತು ಅಂದೆ."

ಸಾಪರ್ ಗುದ್ದಲಿ ಊರಿ ಮೇಲೆ ಹತ್ತಿ ಬಂದ. "ನಾನು ತೋಡಿದ ಕಾಲುವೇಲಿ ನಿನ್ನ ಕೊಳೆ ನೀರು ಹರೀಬೇಕಾ? ಲಿಡಿಯಾ ಅಕ್ಕ, ಈ ಮನೆ ನನಗೆ. ಹೇಳೋಕೆ ತಡ ಆಯ್ತು, ತಪ್ಪಾಯ್ತು. ಇವತ್ತೇ ಮುಂಗಡ ಕೊಡ್ತೀನಿ."

ಲಿಡಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮಣ್ಣಿನ ಗೋಡೆ ಅಂತ ಮೂಗು ಮುರಿದಿದ್ರಿ."

"ನಾನೂ ಮಣ್ಣೇ," ಎಂದ ಸಾಪರ್. ಮೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

ಮೊದಲು ನಕ್ಕದ್ದು ತೊಗ್ಜಾನ್. ಆಮೇಲೆ ಯಾರು ನಗಲಿಲ್ಲ ಎಂದು ಕೇಳಬೇಕು. ಕೋಟಿನವನು ಇನ್ನೂ ಹೆಚ್ಚು ಕೊಡುತ್ತೇನೆಂದು ಏನೇನೋ ಹೇಳಲು ನೋಡಿದ. ಲಿಡಿಯಾ ಬೇಡವೆಂದು ಅವನ ಕಡೆ ಕೈ ಬೀಸಿದಳು. "ಕೆಡವೋ ಯೋಚನೆ ಇದೆ ಅಂತ ನೀವು ನನಗೆ ಹೇಳೇ ಇರಲಿಲ್ಲ. ಈ ಮರ ನೆಟ್ಟಿದ್ದು ನಾನು," ಎಂದಳು.

"ಅಲ್ಲ ಲಿಡಿಯಾ, ಸೊಂಟ ನೋವು ಹೇಗಿದೆ?" ಎಂದು ರಿಸ್‌ಬಾಲಾ ಬೆಂಚಿನ ಮೇಲಿಂದಲೇ ಕೇಳಿದರು.

ಲಿಡಿಯಾ ಕಾಲುವೆಯನ್ನು ನೋಡಿದಳು, ನೆಲಮಾಳಿಗೆಯ ಮುಚ್ಚಳವನ್ನು ನೋಡಿದಳು, ಕೆಂಪಾದಳು. "ಮದುವೆ ಗೊತ್ತಾದ ಮೇಲೆ ವಾಸಿ ಆಯ್ತಮ್ಮ. ಆ ನೀರಿನ ಬಾಬ್ತು ಬೆಲೇಲಿ ಸ್ವಲ್ಪ ಇಳಿಸ್ತೀನಿ, ಇನ್ನು ಆ ಮಾತು ಬೇಡ."

ಹಮಿತ್ ಅತಾ ಗಡ್ಡ ನೀವಿಕೊಂಡು ಸಾಪರನ ಮುಂದೆ ಬಂದು ನಿಂತರು. "ಮನೆ ಕೊಳ್ಳದೇ ಎರಡು ಎರುಲಿಕ್ ಹೊಡೆದಿದ್ದೀಯ. ಅದನ್ನ ತೀರಿಸೋವರೆಗೂ ಈ ಓಣಿ ಬಿಟ್ಟು ಕದಲೋ ಹಾಗಿಲ್ಲ, ತಿಳೀತಾ?" ಸಾಪರ್ ತಲೆ ತಗ್ಗಿಸಿ ಒಪ್ಪಿಕೊಂಡ. ಲಿಡಿಯಾಳನ್ನೂ ಕೂರಿಸಿಕೊಂಡು ಎಲ್ಲರೂ ಪಲಾವ್ ತಿಂದೆವು. ತಳ ಸ್ವಲ್ಪ ಸೀದಿತ್ತು. ಸೊಸೆಗೆ ಬೆಂಕಿಯ ಅಳತೆ ಗೊತ್ತಿಲ್ಲ ಎಂದರು ಅತ್ತೆ. ಅಷ್ಟು ಜನರ ಗದ್ದಲದಲ್ಲಿ ಬೆಂಕಿಯನ್ನು ನೀವೇ ನೋಡಿಕೊಳ್ಳಬಹುದಿತ್ತಲ್ಲ ಎಂದಳು ಸೊಸೆ.

ಅವರು ಸಾಮಾನು ತಂದ ದಿನವೇ ಮೊದಲ ಹಿಮ ಬಿತ್ತು. ಸಂಜೆ ನಾನು ಬಿಸಿ ರೊಟ್ಟಿ ತಟ್ಟೆಯಲ್ಲಿ ಮುಚ್ಚಿಕೊಂಡು ಹೋದೆ. ಒಲೆ ಉರಿಯುತ್ತಿತ್ತು. ಸಾಪರ್ ಸ್ಟೂಲಿನ ಮೇಲೆ ನಿಂತು ವೈರು ನೋಡುತ್ತಿದ್ದ. ತೊಗ್ಜಾನ್ ಕಂಬಳಿ ಹೊದ್ದು ನೆಲಮಾಳಿಗೆಯ ಮುಚ್ಚಳದ ಮೇಲೆ ಕೂತು ಗೆಳತಿಗೆ ಮನೆಯನ್ನು ಬಣ್ಣಿಸುತ್ತಿದ್ದಳು. ಪಾಯಿಖಾನೆಯ ಸುದ್ದಿ ಮಾತ್ರ ಅದರಲ್ಲಿರಲಿಲ್ಲ. ರಿಸ್‌ಬಾಲಾ ಒಲೆಯ ಪಕ್ಕದಲ್ಲಿ ಕಾಲು ಚಾಚಿ ಕೂತು, ಯಾವುದು ಎಲ್ಲಿರಬೇಕೆಂದು ಬೆರಳು ತೋರಿಸುತ್ತಿದ್ದರು. ಕಾಮಿಲಾ ಅದನ್ನು ಬೇರೆಲ್ಲೋ ಇಡುತ್ತಿದ್ದಳು.

ಕೊನೆಗೆ ಉಳಿದದ್ದು ಬಾಗಿಲ ಪಕ್ಕದ ಚೌಕಳಿ ಚೀಲ.

"ಅದನ್ನ ಮುಟ್ಟಬೇಡ," ಎಂದರು ರಿಸ್‌ಬಾಲಾ.

ಕಾಮಿಲಾ ಮುಟ್ಟಿದಳು. ಎತ್ತಿ ತಂದು ಅತ್ತೆಯ ಮುಂದೆ ಇಟ್ಟು ಜಿಪ್ ಎಳೆದಳು. ಒಳಗೆ ಇದ್ದದ್ದು ಒಂದು ದಿಂಬು. ಬಟ್ಟೆಯಿಲ್ಲ, ಶಾಲಿಲ್ಲ, ಕರಗಂದಾದ ಚಳಿಗೆ ಒಂದು ಕಾಲುಚೀಲವೂ ಇಲ್ಲ.

ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಸಾಪರ್ ಸ್ಟೂಲಿನ ಮೇಲಿಂದ ಬಾಯಿ ಬಿಟ್ಟುಕೊಂಡು ನೋಡಿದ. "ಅಪಾ," ಎಂದ, "ಈ ದಿಂಬಿಗಾಗಿ ನಾನು ಆ ಕಾಲುವೆ ತೋಡಿದ್ನಾ?"

ಮುದುಕಿಗೆ ನಾಚಿಕೆಯೇನೂ ಆದಂತಿರಲಿಲ್ಲ. ಅವರು ಸೊಸೆಯನ್ನೇ ನೋಡುತ್ತಿದ್ದರು. "ನಿನಗೆ ಆಶ್ಚರ್ಯ ಆಗಲಿಲ್ಲ."

"ದಿನಾ ಗುಡಿಸುವಾಗ ಎತ್ತಿ ಆ ಕಡೆ ಇಡ್ತಿದ್ದೋಳು ನಾನೇ ಅಪಾ. ಅದರ ತೂಕ ನನಗೆ ಗೊತ್ತಿಲ್ವಾ?"

"ಮೊದಲ ದಿನದಿಂದ ಗೊತ್ತಾ?"

"ಹೂಂ."

"ಹೋಗಲ್ಲ ಅಂತ ಗೊತ್ತಿದ್ದೂ ಮನೆಗೋಸ್ಕರ ಅಷ್ಟೆಲ್ಲ ಜಗಳ ಆಡಿದ್ಯಾ? ಅಳೋ ಹಾಗೆ ಆಗಿದ್ದೆಯಲ್ಲೇ."

ಕಾಮಿಲಾ ದಿಂಬನ್ನು ಕೊಡವಿ ಅತ್ತೆಯ ಬೆನ್ನ ಹಿಂದೆ ಇಟ್ಟಳು. "ನಿಮ್ಮನ್ನ ನಾನು ನಂಬೋದು ಹೇಗೆ?" ಎಂದಳು. "ಸಿಟ್ಟು ಬಂದ್ರೆ ನೀವು ಖಾಲಿ ಚೀಲ ಹಿಡ್ಕೊಂಡೂ ಬಸ್ಸು ಹತ್ತೋರೇ."

ರಿಸ್‌ಬಾಲಾ ದಿಂಬಿಗೆ ಬೆನ್ನು ಒರಗಿಸಿದರು. ಸೊಸೆ ಕೆಟಲು ಎತ್ತಿ, ಬಟ್ಟಲಿನ ತಳ ಮುಚ್ಚುವಷ್ಟೇ ಟೀ ಹೊಯ್ದು ಅವರ ಕೈಗೆ ಕೊಟ್ಟಳು.

"ಇಷ್ಟೇನಾ?" ಎಂದು ಗೊಣಗಿದರು ಅತ್ತೆ. ಒಂದೇ ಗುಟುಕಿಗೆ ಕುಡಿದು ಬಟ್ಟಲನ್ನು ಮತ್ತೆ ಮುಂದೆ ಚಾಚಿದರು.